ಫಿಲ್‌ಹಾರ್ಮೋನಿಯಾ: ಲಂಡನ್ ನಗರದ ಒಂದು ವಾದ್ಯವೃಂದದ ಚರಿತ್ರೆ

ಮೈಸೂರು ಅರಮನೆಯ ಸಂಗೀತಪೋಷಣೆಯ ಮಾತು ಬಂದೊಡನೆ ನಮ್ಮ ಮನಸ್ಸಿನಲ್ಲಿ ಸುಳಿಯುವ ಹೆಸರುಗಳು ವೀಣೆ ಶೇಷಣ್ಣನವರವು, ವಾಸುದೇವಾಚಾರ್ಯರವು, ಮುತ್ತಯ್ಯ ಭಾಗವತರವು. ನವರಾತ್ರಿಯ ದರ್ಬಾರು, ವಿದ್ವಾಂಸರಿಗೆ ಸಂದ ಜೋಡಿ ಶಾಲು, ಖಿಲ್ಲತ್ತು, ಇವು ಕನ್ನಡಿಗರ ಮನೆಮನೆಯ ಮಾತು. ಆದರೆ ಆ ಪೋಷಣೆಯ ಹೊನಲು ಒಂದು ಕಾಲದಲ್ಲಿ ಏಳು ಕಡಲು ದಾಟಿ ಲಂಡನ್ ನಗರದವರೆಗೆ ಹರಿದಿದ್ದಿತೆಂಬುದೂ, ಅಲ್ಲಿ ಯುದ್ಧದ ಬೂದಿಯಿಂದ ತಲೆಯೆತ್ತಿದ ಒಂದು ಮಹಾ ವಾದ್ಯವೃಂದದ ಬೇರಿಗೆ ನೀರೆರೆದಿದ್ದಿತೆಂಬುದೂ ನಮ್ಮಲ್ಲಿ ಅನೇಕರಿಗೆ ತಿಳಿಯದು. ಆ ವಾದ್ಯವೃಂದದ ಹೆಸರು ಫಿಲ್‌ಹಾರ್ಮೋನಿಯಾ. ಅದು ಹುಟ್ಟಿದ ಬಗೆ, ಬೆಳೆದ ಬಗೆ, ಒಮ್ಮೆ ತನ್ನ ಜನಕನಿಂದಲೇ ಮರಣಶಾಸನವನ್ನು ಕೇಳಿ ಮತ್ತೆ ಬದುಕಿಕೊಂಡ ಬಗೆ, ಇವನ್ನು ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಈ ಬಗೆಯ ವಾದ್ಯವೃಂದವೆಂದರೇನೆಂಬುದನ್ನು ಎರಡು ಮಾತಿನಲ್ಲಿ ಹೇಳುವುದು ಉಚಿತ. ನಮ್ಮ ಕಚೇರಿಯಲ್ಲಿ ಹಾಡುವವನೊಬ್ಬ. ಅವನ ಮನೋಧರ್ಮವೇ ಅಲ್ಲಿನ ರಾಜ. ಪಿಟೀಲು, ಮೃದಂಗ, ಘಟಗಳು ಅವನ ನೆರಳಿನಂತೆ ನಡೆಯತಕ್ಕವು. ಪಾಶ್ಚಾತ್ಯರ ಸಿಂಫನಿ ವಾದ್ಯವೃಂದದಲ್ಲಿ ಎಂಬತ್ತು ತೊಂಬತ್ತು ಮಂದಿ, ಕೆಲವೊಮ್ಮೆ ನೂರಕ್ಕೂ ಮಿಕ್ಕಿ ವಾದಕರು ಒಟ್ಟಿಗೆ ಕುಳಿತಿರುವರು. ಅರ್ಧಕ್ಕಿಂತ ಹೆಚ್ಚು ಮಂದಿ ತಂತಿವಾದ್ಯದವರು: ಪಿಟೀಲಿನಿಂದ ಮೊದಲಾಗಿ ಆಳೆತ್ತರದ ಡಬಲ್ ಬೇಸ್‌ವರೆಗೆ. ಅವರ ಹಿಂದೆ ಕೊಳಲು, ಓಬೋ, ಕ್ಲಾರಿನೆಟ್. ಅವುಗಳ ಹಿಂದೆ ಕೊಂಬು ಕಹಳೆಗಳ ಸಾಲು. ಎಲ್ಲಕ್ಕೂ ಹಿಂದೆ ನಗಾರಿಯನ್ನು ಹೋಲುವ ಚರ್ಮವಾದ್ಯಗಳು. ಪ್ರತಿಯೊಬ್ಬನ ಮುಂದೆಯೂ ಬರೆದಿಟ್ಟ ಸ್ವರಲಿಪಿ ಇರುವುದು. ಅದರಲ್ಲಿ ಇಲ್ಲದ ಒಂದು ಸ್ವರವನ್ನೂ ಅವನು ನುಡಿಸುವಂತಿಲ್ಲ. ಒಬ್ಬೊಬ್ಬರೂ ಬೇರೆ ಬೇರೆ ಸ್ವರಗಳನ್ನು ನುಡಿಸುತ್ತಿದ್ದರೂ ಅವೆಲ್ಲವೂ ಏಕಕಾಲದಲ್ಲಿ ಕೂಡಿ ಒಂದೇ ನಾದಸೌಧವಾಗಿ ನಿಲ್ಲಬೇಕು. ಹಾಗೆ ನಿಲ್ಲಿಸತಕ್ಕವನು ಕೈಯಲ್ಲಿ ಸಣ್ಣ ಕೋಲು ಹಿಡಿದ ನಿರ್ದೇಶಕ. ಅವನು ತಾನು ಒಂದು ಸ್ವರವನ್ನೂ ನುಡಿಸನು. ಆದರೂ ಅವನಿಲ್ಲದೆ ಮೇಳವಿಲ್ಲ. ಇಂಥ ಮೇಳವನ್ನು ಕಟ್ಟುವುದು ಒಂದು ಊರನ್ನು ಕಟ್ಟಿದಂತೆ. ಅದನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ತೊಂಬತ್ತು ಸಂಸಾರಗಳ ಹೊಟ್ಟೆ ಬಟ್ಟೆಯ ಪ್ರಶ್ನೆ ಅದರ ಹಿಂದೆ ಇರುವುದು.

ಲಂಡನ್ ನಗರಕ್ಕೆ ವಾದ್ಯವೃಂದಗಳು ಹೊಸವಲ್ಲ. ಅಲ್ಲಿನ ಕ್ವೀನ್ಸ್ ಹಾಲ್ ಎಂಬ ಸಂಗೀತಮಂದಿರದ ವಾದ್ಯವೃಂದದಲ್ಲಿ ಹಿಂದೆ ಒಂದು ವಿಚಿತ್ರ ರೂಢಿ ಇದ್ದಿತು. ವಾದಕನಿಗೆ ಬೇರೆಡೆ ಹೆಚ್ಚು ಸಂಭಾವನೆ ದೊರೆತರೆ ತನಗೆ ಬದಲಾಗಿ ಮತ್ತೊಬ್ಬನನ್ನು ಕಳುಹಿಸಿ ತಾನು ಅಲ್ಲಿಗೆ ಹೋಗಬಹುದಾಗಿತ್ತು. ಅಭ್ಯಾಸಕ್ಕೆ ಬಂದವನು ಒಬ್ಬ, ಕಚೇರಿಯ ದಿನ ನುಡಿಸುವವನು ಇನ್ನೊಬ್ಬ! ನಿರ್ದೇಶಕ ಹೆನ್ರಿ ವುಡ್ ಇದನ್ನು ನಿಷೇಧಿಸಲಾಗಿ, ಮುನಿದ ವಾದಕರು ಹೊರಬಂದು 1904ರಲ್ಲಿ ಲಂಡನ್ ಸಿಂಫನಿ ವಾದ್ಯವೃಂದವನ್ನು ತಾವೇ ಸ್ಥಾಪಿಸಿಕೊಂಡರು. 1930ರಲ್ಲಿ ಬಿ.ಬಿ.ಸಿ. ಆಕಾಶವಾಣಿ ಸಂಸ್ಥೆಯು ತನ್ನದೇ ಒಂದು ವೃಂದವನ್ನು ಕಟ್ಟಿತು. 1932ರಲ್ಲಿ ಸರ್ ಥಾಮಸ್ ಬೀಚಮ್ ಲಂಡನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ಸ್ಥಾಪಿಸಿದರು. ಆಮೇಲೆ ಎರಡನೆಯ ಮಹಾಯುದ್ಧ ಬಂದಿತು. 1941ರ ಮೇ ತಿಂಗಳಲ್ಲಿ ಶತ್ರುವಿಮಾನಗಳು ಎಸೆದ ಬೆಂಕಿ ಬಾಂಬಿಗೆ ಕ್ವೀನ್ಸ್ ಹಾಲ್ ಸುಟ್ಟು ನಾಶವಾಯಿತು. ತರುಣ ವಾದಕರು ಸಮವಸ್ತ್ರ ಧರಿಸಿ ಸೈನ್ಯದ ಬ್ಯಾಂಡುಗಳನ್ನು ಸೇರಿದರು. ಯುದ್ಧ ಮುಗಿಯುವ ಹೊತ್ತಿಗೆ ಲಂಡನ್ನಿನಲ್ಲಿ ಸಂಗೀತಕ್ಕಾಗಿ ಹಸಿದ ಜನರಿದ್ದರು. ನುಡಿಸಬಲ್ಲ ಕೈಗಳೂ ಇದ್ದವು. ಇವೆರಡನ್ನೂ ಕೂಡಿಸಬಲ್ಲ ಒಬ್ಬ ಮನುಷ್ಯ ಬೇಕಾಗಿದ್ದನು.

ಆ ಮನುಷ್ಯನೇ ವಾಲ್ಟರ್ ಲೆಗ್. 1906ರಲ್ಲಿ ಹುಟ್ಟಿದ ಈತನು ನಿರ್ದೇಶಕನಲ್ಲ, ವಾದಕನೂ ಅಲ್ಲ. ಗ್ರಾಮಫೋನ್ ಕಂಪೆನಿಯಲ್ಲಿ ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದವನು. ಕೇಳುವ ಕಿವಿಯೊಂದೇ ಈತನ ವಿದ್ಯೆ. ಆದರೆ ಆ ಕಿವಿಗೆ ಸರಿಸಾಟಿಯಾದ ಕಿವಿ ಆ ಕಾಲದಲ್ಲಿ ವಿರಳವಾಗಿದ್ದಿತು. ಯುದ್ಧಕಾಲದಲ್ಲಿ ಸೈನಿಕರ ಮನರಂಜನೆಗಾಗಿ ಕಚೇರಿಗಳನ್ನು ಏರ್ಪಡಿಸುವ ಹೊಣೆ ಈತನ ಮೇಲೆ ಬಿದ್ದಿತು. ಆಗ ದೇಶದ ಯಾವ ಮೂಲೆಯ ಯಾವ ದಳದಲ್ಲಿ ಯಾವ ಉತ್ತಮ ವಾದಕನಿದ್ದಾನೆಂಬುದು ಈತನಿಗೆ ಕರತಲಾಮಲಕವಾಯಿತು. ಯುದ್ಧ ಮುಗಿದೊಡನೆ ಅವರನ್ನೆಲ್ಲ ಕಲೆಹಾಕಿ ಹೊಸ ವೃಂದವೊಂದನ್ನು ರಚಿಸಬೇಕೆಂದು ಈತನು ಸಂಕಲ್ಪಿಸಿದನು. ಒಬ್ಬನೇ ನಿರ್ದೇಶಕನ ಕೈಯಲ್ಲಿ ವರ್ಷಗಟ್ಟಲೆ ಇರುವ ವೃಂದವು ಅವನ ಅಚ್ಚಿನಲ್ಲೇ ಎರಕವಾಗಿಬಿಡುವುದೆಂದು ಈತನ ಮತ. ಆದುದರಿಂದ ತನ್ನ ವೃಂದಕ್ಕೆ ಮೊದಲಲ್ಲಿ ಸ್ಥಿರವಾದ ನಿರ್ದೇಶಕನನ್ನು ನೇಮಿಸದೆ, ಜಗತ್ತಿನ ಶ್ರೇಷ್ಠರನ್ನೆಲ್ಲ ಬರಮಾಡಿಕೊಂಡು, ಒಬ್ಬೊಬ್ಬರಿಂದಲೂ ಒಂದೊಂದನ್ನು ಕಲಿಯುವ ಮೇಳವನ್ನಾಗಿ ಅದನ್ನು ಬೆಳೆಸಲು ಬಯಸಿದನು.

1945ರ ಅಕ್ಟೋಬರ್ 27ರಂದು ಲಂಡನ್ನಿನ ಕಿಂಗ್ಸ್‌ವೇ ಹಾಲಿನಲ್ಲಿ ಫಿಲ್‌ಹಾರ್ಮೋನಿಯಾದ ಮೊದಲ ಕಚೇರಿ ನಡೆಯಿತು. ಅಂದು ವೇದಿಕೆಯ ಮೇಲೆ ಕುಳಿತವರಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಮಂದಿ ಇನ್ನೂ ಸೈನ್ಯದ ಸೇವೆಯಿಂದ ಬಿಡುಗಡೆ ಹೊಂದಿರಲಿಲ್ಲ. ಕೋಲು ಹಿಡಿದವರು ಸರ್ ಥಾಮಸ್ ಬೀಚಮ್. ಆ ಮಹನೀಯರು ಅಂದಿನ ಸಂಭಾವನೆಯಾಗಿ ಸ್ವೀಕರಿಸಿದ್ದು ಒಂದೇ ಒಂದು ಚುಟ್ಟಾ. ಆದರೆ ಆ ಔದಾರ್ಯದ ಹಿಂದೆ ಒಂದು ಆಸೆಯಿದ್ದಿತು. ಇಷ್ಟು ಸೊಗಸಾದ ಮೇಳವನ್ನು ಕಂಡ ಬೀಚಮ್ ಅದರ ಯಜಮಾನಿಕೆಯನ್ನು ತಮಗೆ ಒಪ್ಪಿಸಬೇಕೆಂದು ಬಯಸಿದರು. ಲೆಗ್ ಒಪ್ಪಲಿಲ್ಲ. ಬೀಚಮ್ ಸುಮ್ಮನೆ ಕುಳಿತುಕೊಳ್ಳುವ ಜಾತಿಯವರಲ್ಲ. 1946ರಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಎಂಬ ಮತ್ತೊಂದು ವೃಂದವನ್ನೇ ಕಟ್ಟಿಬಿಟ್ಟರು. ಹೀಗೆ ಯುದ್ಧದಿಂದ ಬಳಲಿ, ಅನ್ನ ಬಟ್ಟೆಗಳಿಗೂ ಪಡಿತರ ಚೀಟಿ ಹಿಡಿದು ನಿಂತಿದ್ದ ಒಂದು ನಗರದಲ್ಲಿ ಐದು ವಾದ್ಯವೃಂದಗಳು ಏಕಕಾಲದಲ್ಲಿ ಜೀವಿಸತೊಡಗಿದವು. ಜನರ ಕಲಾಪ್ರೀತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಪ್ರೀತಿ ಬೇರೆ, ಹಣ ಬೇರೆ. ಫಿಲ್‌ಹಾರ್ಮೋನಿಯಾಕ್ಕೆ ಸರ್ಕಾರದ ಆಶ್ರಯವಿರಲಿಲ್ಲ, ಬಿ.ಬಿ.ಸಿ.ಯಂತೆ ತಿಂಗಳ ಸಂಬಳ ಕೊಡುವ ಧಣಿಯೂ ಇರಲಿಲ್ಲ. ಗ್ರಾಮಫೋನ್ ತಟ್ಟೆಗಳಿಗಾಗಿ ನುಡಿಸಿ ಬಂದ ಸಂಭಾವನೆಯೇ ಅದರ ಮುಖ್ಯ ಆಧಾರ. ತಟ್ಟೆಗಳ ಮೂಲಕ ಅದರ ಕೀರ್ತಿ ದೇಶದೇಶಾಂತರಗಳಿಗೆ ಹಬ್ಬಿತೆಂಬುದು ನಿಜ. 1947ರ ಅಕ್ಟೋಬರಿನಲ್ಲಿ ಎಂಬತ್ತಮೂರು ವರ್ಷದ ಜರ್ಮನ್ ವಾಗ್ಗೇಯಕಾರ ರಿಚರ್ಡ್ ಸ್ಟ್ರೌಸ್ ಲಂಡನ್ನಿಗೆ ಬಂದು, ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಈ ವೃಂದದಿಂದ ತಮ್ಮ ಕೃತಿಗಳನ್ನು ತಾವೇ ನುಡಿಸಿದರು. ಆದರೆ ಧ್ವನಿಮುದ್ರಣದ ಕೋಣೆಯಲ್ಲಿ ನುಡಿಸುವುದರಿಂದಷ್ಟೇ ಒಂದು ವೃಂದಕ್ಕೆ ಪೂರ್ಣಜೀವ ಬರುವುದಿಲ್ಲ. ಶ್ರೋತೃಗಳ ಎದುರು ಕುಳಿತು ನುಡಿಸಬೇಕು. ಶ್ರೇಷ್ಠ ನಿರ್ದೇಶಕರನ್ನು ಕರೆಸಬೇಕು. ಅಭ್ಯಾಸಕ್ಕೆ ಸಾಕಷ್ಟು ದಿನಗಳನ್ನು ಕೊಡಬೇಕು. ಇವಕ್ಕೆಲ್ಲ ಹಣ ಬೇಕು. ಆ ಹಣ ಬಂದುದು ಮೈಸೂರಿನಿಂದ.

ಶ್ರೀ ಜಯಚಾಮರಾಜೇಂದ್ರ ಒಡೆಯರು 1919ರ ಜುಲೈ 18ರಂದು ಜನಿಸಿ, 1940ರಲ್ಲಿ ತಮ್ಮ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರ ತರುವಾಯ ಸಿಂಹಾಸನವನ್ನೇರಿದರು. ನಾಲ್ವಡಿಯವರ ಕಾಲದಲ್ಲಿಯೇ ಅರಮನೆಯಲ್ಲಿ ಕರ್ಣಾಟಕ ಸಂಗೀತದೊಡನೆ ಪಾಶ್ಚಾತ್ಯ ವಾದ್ಯವೃಂದವೂ ನೆಲೆಗೊಂಡಿದ್ದಿತು. ಜರ್ಮನಿಯ ಆಟೋ ಶ್ಮಿಟ್ ಎಂಬವರು ಅದಕ್ಕೆ ಶಿಕ್ಷಣ ಕೊಡುತ್ತಿದ್ದರು. ಇಂಥ ಮನೆಯಲ್ಲಿ ಬೆಳೆದ ತರುಣ ಮಹಾರಾಜರು ಪಿಯಾನೋವಾದನವನ್ನು ಶ್ರದ್ಧೆಯಿಂದ ಕಲಿತಿದ್ದರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪಿಯಾನೋ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಸದಸ್ಯತ್ವವೂ ಅವರಿಗೆ ದೊರೆತವು. ಮುಂದೆ ಅವರು ‘ಶ್ರೀವಿದ್ಯಾ’ ಅಂಕಿತದಲ್ಲಿ ಕರ್ಣಾಟಕ ಪದ್ಧತಿಯ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಒಂದೇ ಹೃದಯದಲ್ಲಿ ಎರಡು ಸಂಗೀತಗಳು ಪರಸ್ಪರ ಕಲಹವಿಲ್ಲದೆ ಮನೆಮಾಡಿಕೊಂಡಿದ್ದುದು ನಮಗೆ ಆಶ್ಚರ್ಯವನ್ನೂ ಸಂತೋಷವನ್ನೂ ಉಂಟುಮಾಡುತ್ತದೆ.

ಮಹಾರಾಜರಿಗೆ ಅತ್ಯಂತ ಪ್ರಿಯನಾಗಿದ್ದವನು ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ವಾಗ್ಗೇಯಕಾರ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ತರುವಾಯ 1921ರಲ್ಲಿ ತಾಯ್ನಾಡನ್ನು ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲಸಿದ್ದ ಈ ವೃದ್ಧನು ಬಡತನದಲ್ಲಿಯೂ ಅನಾರೋಗ್ಯದಲ್ಲಿಯೂ ದಿನ ನೂಕುತ್ತಿದ್ದನು. ಅವನ ಹೆಸರನ್ನು ಯೂರೋಪಿನವರೇ ಮರೆಯತೊಡಗಿದ್ದ ಕಾಲದಲ್ಲಿ, ತಾನು ಕಾಣದ ದೇಶದ, ತಾನು ಅರಿಯದ ಭಾಷೆಯ ಅರಸನೊಬ್ಬನು ತನ್ನ ಕೃತಿಗಳನ್ನು ಹೃದಯದಲ್ಲಿಟ್ಟುಕೊಂಡಿರುವನೆಂದು ಕೇಳಿ ಆ ವೃದ್ಧನಿಗೆ ಏನನ್ನಿಸಿರಬೇಕು! ಮಹಾರಾಜರ ದ್ರವ್ಯಸಹಾಯದಿಂದ ಮೆಟ್ನರ್ ಸಂಘವೊಂದು ಸ್ಥಾಪಿತವಾಗಿ, ವಾಗ್ಗೇಯಕಾರನು ತಾನೇ ಪಿಯಾನೋ ನುಡಿಸಿದ ಧ್ವನಿಮುದ್ರಿಕೆಗಳು ಸಿದ್ಧವಾದವು. ಅವನ ಮೂರು ಪಿಯಾನೋ ಕಾನ್ಚರ್ಟೊಗಳಿಗೆ ಜೊತೆಗೂಡಿದ ಮೇಳ ಫಿಲ್‌ಹಾರ್ಮೋನಿಯಾ. ಮೂರನೆಯ ಕಾನ್ಚರ್ಟೊವನ್ನು ಮೆಟ್ನರ್ ಕೃತಜ್ಞತೆಯಿಂದ ಮೈಸೂರು ಮಹಾರಾಜರಿಗೆ ಅರ್ಪಿಸಿದನು. 1951ರಲ್ಲಿ ಅವನು ಕಣ್ಮುಚ್ಚಿದನು. ಆದರೆ ಅವನ ಬೆರಳುಗಳ ನಾದ ಆ ತಟ್ಟೆಗಳಲ್ಲಿ ಉಳಿಯಿತು.

ಈ ಸಂದರ್ಭದಲ್ಲಿಯೇ ಲೆಗ್ ಮೈಸೂರಿಗೆ ಬಂದನು. ಆ ಭೇಟಿಯ ನೆನಪನ್ನು ಅವನು ಮುಂದೆ ಬೆರಗಿನಿಂದ ಬರೆದಿಟ್ಟಿರುವನು. ಇನ್ನೂ ಮೂವತ್ತು ತುಂಬದ ಅರಸ. ಅರಮನೆಯಲ್ಲಿ ಒಂದಲ್ಲ, ಹಲವು ದೊಡ್ಡ ಪಿಯಾನೋಗಳು. ಗಂಭೀರಸಂಗೀತದ ಸಕಲ ಧ್ವನಿಮುದ್ರಿಕೆಗಳೂ ಒಂದೆಡೆ ಸಂಗ್ರಹಗೊಂಡ ಭಂಡಾರ. ಆ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದುವೆಂದು ಅಂದಾಜು. ಮೆಟ್ನರನ ಕೃತಿಗಳ ಮುದ್ರಣದ ವೆಚ್ಚವನ್ನು ವಹಿಸಿಕೊಂಡುದಲ್ಲದೆ, ಫಿಲ್‌ಹಾರ್ಮೋನಿಯಾ ವೃಂದವನ್ನೂ ಅದರ ಕಚೇರಿಗಳನ್ನು ನಡೆಸುವ ಸಂಘವನ್ನೂ ಭದ್ರವಾದ ತಳಹದಿಯ ಮೇಲೆ ನಿಲ್ಲಿಸಲು ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳನ್ನು ಕೊಡಲು ಮಹಾರಾಜರು ಒಪ್ಪಿದರೆಂದು ಲೆಗ್ ತಿಳಿಸಿರುವನು. 1948ರಲ್ಲಿ ಅವರು ಫಿಲ್‌ಹಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರಾದರು.

ಇಲ್ಲಿ ಒಂದು ಪ್ರಶ್ನೆ ಏಳದಿರದು. ಅದನ್ನು ನಾವು ಮರೆಸಿಡಲಾರೆವು. ಅದು ಭಾರತವು ಆಗತಾನೆ ಸ್ವತಂತ್ರವಾದ ಕಾಲ. ಮೈಸೂರಿನಲ್ಲಿ 1947ರ ಅಕ್ಟೋಬರಿನಲ್ಲಷ್ಟೇ ಜವಾಬ್ದಾರಿ ಸರ್ಕಾರ ಸ್ಥಾಪಿತವಾಗಿದ್ದಿತು. ನಮ್ಮ ಹಳ್ಳಿಗಳಲ್ಲಿ ಶಾಲೆಯಿಲ್ಲ, ಆಸ್ಪತ್ರೆಯಿಲ್ಲ. ಇಂಥಲ್ಲಿ ನೆನ್ನೆಯವರೆಗೆ ನಮ್ಮನ್ನಾಳಿದವರ ರಾಜಧಾನಿಯ ವಾದ್ಯವೃಂದಕ್ಕೆ ನಮ್ಮ ನಾಡಿನ ಅರಸರು ಹಣ ಕೊಡುವುದು ಸರಿಯೆ? ಹೀಗೆ ಕೇಳುವವರನ್ನು ನಾವು ತಪ್ಪೆನ್ನಲಾರೆವು. ಹಸಿದವನ ಮುಂದೆ ಸಂಗೀತದ ಮಾತು ಎಂದಿಗೂ ಕಷ್ಟವೇ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಶತಮಾನಗಳ ಕಾಲ ಪಶ್ಚಿಮವು ಪೂರ್ವಕ್ಕೆ ಕೈಯೊಡ್ಡಿದುದು ಕೊಂಡೊಯ್ಯಲು. ಇಲ್ಲಿ ಅದು ಕೈಯೊಡ್ಡಿ ಬೇಡಿದುದು ಕಲೆಯ ಸಲುವಾಗಿ. ಕೊಟ್ಟವನು ಯಜಮಾನಿಕೆಯನ್ನು ಕೇಳದೆ, ತನ್ನ ಬಿರುದುಬಾವಲಿಗಳನ್ನು ಹಾಡಿಸಿಕೊಳ್ಳದೆ, ಕೇಳುವ ಸಂತೋಷವೊಂದನ್ನೇ ಬಯಸಿ ಕೊಟ್ಟನು. ಬೀಚಮ್ ಚುಟ್ಟಾ ಒಂದಕ್ಕೆ ನುಡಿಸಿ ವೃಂದವನ್ನೇ ಕೇಳಿದರು. ಮೈಸೂರಿನ ಅರಸರು ಸಾವಿರಾರು ಪೌಂಡು ಕೊಟ್ಟು ಕೇಳಿದುದು ಹಾಡುಗಳನ್ನು.

ಆ ಹಾಡುಗಳಲ್ಲಿ ನಾಲ್ಕು ಲೋಕವಿಖ್ಯಾತವಾದವು. ರಿಚರ್ಡ್ ಸ್ಟ್ರೌಸ್ ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, 1948ರಲ್ಲಿ, ಸ್ತ್ರೀಕಂಠಕ್ಕೂ ವಾದ್ಯವೃಂದಕ್ಕೂ ಹೊಂದಿಸಿ ನಾಲ್ಕು ಗೀತೆಗಳನ್ನು ರಚಿಸಿದರು. ಬದುಕಿನ ಸಂಜೆಯಲ್ಲಿ ನಿಂತು ಸಾವನ್ನು ಭಯವಿಲ್ಲದೆ ನೋಡುವ ಗೀತೆಗಳು ಅವು. 1949ರ ಸೆಪ್ಟೆಂಬರಿನಲ್ಲಿ ಸ್ಟ್ರೌಸ್ ತೀರಿಕೊಂಡರು. ತಮ್ಮ ಗೀತೆಗಳನ್ನು ಅವರು ಕಿವಿಯಿಂದ ಕೇಳಲೇ ಇಲ್ಲ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವುಗಳ ಪ್ರಥಮ ಪ್ರಯೋಗ ನಡೆಯಿತು. ಹಾಡಿದವರು ನಾರ್ವೆ ದೇಶದ ಕರ್ಸ್ಟನ್ ಫ್ಲಾಗ್‌ಸ್ಟಾಡ್. ನಿರ್ದೇಶಿಸಿದವರು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ನುಡಿಸಿದ ಮೇಳ ಫಿಲ್‌ಹಾರ್ಮೋನಿಯಾ. ಕಚೇರಿಯ ವೆಚ್ಚಕ್ಕೆ 4,800 ಡಾಲರುಗಳ ಜಾಮೀನು ನಿಂತವರು ಮೈಸೂರು ಮಹಾರಾಜರು. ಅವರಿಗೆ ಸ್ವತಃ ಅಲ್ಲಿಗೆ ಹೋಗಲಾಗಲಿಲ್ಲ. ಆದುದರಿಂದ ಅಂದಿನ ಗಾಯನವನ್ನು ಮುದ್ರಿಸಿ ತಟ್ಟೆಗಳನ್ನು ಹಡಗಿನಲ್ಲಿ ಮೈಸೂರಿಗೆ ಕಳುಹಿಸುವ ಏರ್ಪಾಡಾಯಿತು. ಸತ್ತ ವಾಗ್ಗೇಯಕಾರನ ಕೊನೆಯ ಗೀತೆಗಳು, ಯುದ್ಧದಿಂದ ಒಡೆದುಹೋಗಿದ್ದ ದೇಶಗಳ ಕಲಾವಿದರಿಂದ ಒಂದೇ ವೇದಿಕೆಯಲ್ಲಿ ಹುಟ್ಟಿ, ಚಾಮುಂಡಿಬೆಟ್ಟದ ತಪ್ಪಲನ್ನು ತಲುಪಿದ ಈ ಕಥೆ ಕಟ್ಟುಕಥೆಯಂತಿದೆ; ಆದರೆ ಚರಿತ್ರೆ.

ಭದ್ರವಾದ ತಳಹದಿ ಸಿಕ್ಕ ಮೇಲೆ ವೃಂದದ ಬೆಳವಣಿಗೆ ಶೀಘ್ರವಾಯಿತು. ಆಸ್ಟ್ರಿಯದ ಹರ್ಬರ್ಟ್ ಫಾನ್ ಕರಾಯಾನ್ 1948ರಲ್ಲಿ ಮೊದಲ ಬಾರಿಗೆ ಅದನ್ನು ನಿರ್ದೇಶಿಸಿದರು. ನಾಟ್ಸಿ ಪಕ್ಷದ ಸದಸ್ಯತ್ವದ ಕಳಂಕ ಹೊತ್ತಿದ್ದ ಈ ನಿರ್ದೇಶಕರಿಗೆ ಆ ದಿನಗಳಲ್ಲಿ ಎಲ್ಲ ಬಾಗಿಲುಗಳೂ ತೆರೆದಿರಲಿಲ್ಲ, ಲೆಗ್ ತೆರೆದನು. ಮುಂದಿನ ಏಳೆಂಟು ವರ್ಷಗಳಲ್ಲಿ ಅವರು ವೃಂದವನ್ನು ಸಾಣೆ ಹಿಡಿದ ಕತ್ತಿಯಂತೆ ಮಾಡಿದರು. 1952ರಲ್ಲಿ ಯೂರೋಪಿನಲ್ಲಿಯೂ 1955ರಲ್ಲಿ ಅಮೆರಿಕದಲ್ಲಿಯೂ ಅವರೊಡನೆ ವೃಂದವು ಸಂಚಾರ ಮಾಡಿತು. 1952ರ ಶರತ್ಕಾಲದಲ್ಲಿ ಇಟಲಿಯ ಟಾಸ್ಕನೀನಿ, ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ, ಲಂಡನ್ನಿನ ಹೊಸ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಈ ವೃಂದದಿಂದ ಬ್ರಾಮ್ಸ್‌ನ ನಾಲ್ಕು ಸಿಂಫನಿಗಳನ್ನೂ ಎರಡು ಸಂಜೆಗಳಲ್ಲಿ ನುಡಿಸಿದರು. ಹುಟ್ಟಿ ಏಳು ವರ್ಷವಾಗಿದ್ದ ಮೇಳಕ್ಕೆ ಇದಕ್ಕಿಂತ ದೊಡ್ಡ ಮನ್ನಣೆ ಸಿಗುವುದು ಸಾಧ್ಯವಿರಲಿಲ್ಲ.

ನಿರ್ದೇಶಕರ ಹೆಸರು ಉಳಿಯುತ್ತದೆ. ನುಡಿಸುವವರ ಹೆಸರು ಸಾಮಾನ್ಯವಾಗಿ ಉಳಿಯುವುದಿಲ್ಲ. ಇದಕ್ಕೆ ಅಪವಾದವಾಗಿ ಒಬ್ಬನನ್ನು ಇಲ್ಲಿ ನೆನೆಯಲೇಬೇಕು. ಅವನು ಡೆನಿಸ್ ಬ್ರೇನ್. ವೃಂದದ ಮುಖ್ಯ ಹಾರ್ನ್‌ವಾದಕ. ಹಾರ್ನ್ ಎಂಬುದು ಸುರುಳಿ ಸುತ್ತಿದ ಹಿತ್ತಾಳೆಯ ಕೊಂಬು. ತುಟಿ ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ ಹೊರಡುವ ದುಷ್ಟವಾದ್ಯವದು. ಬ್ರೇನನ ಕೈಯಲ್ಲಿ ಅದು ಸಾಕಿದ ಹಕ್ಕಿಯಂತೆ ಹಾಡುತ್ತಿದ್ದಿತು. ಅವನಿಗೆ ಮೋಟಾರುಕಾರುಗಳ ಹುಚ್ಚು ಬಹಳ. 1957ರ ಆಗಸ್ಟ್ ಕೊನೆಯಲ್ಲಿ ಎಡಿನ್‌ಬರೋದಲ್ಲಿ ವೃಂದದ ಕಚೇರಿ ಮುಗಿಸಿ, ರಾತ್ರಿಯೆಲ್ಲ ತಾನೇ ಕಾರು ನಡೆಸಿಕೊಂಡು ಲಂಡನ್ನಿಗೆ ಹಿಂದಿರುಗುತ್ತಿದ್ದವನು, ಸೆಪ್ಟೆಂಬರ್ 1ರ ಬೆಳಗಿನಲ್ಲಿ ಮನೆ ಇನ್ನೇನು ಹತ್ತಿರವಾಯಿತೆನ್ನುವಾಗ ಅಪಘಾತಕ್ಕೀಡಾಗಿ ಮೃತನಾದನು. ವಯಸ್ಸು ಮೂವತ್ತಾರು. ಕರಾಯಾನರೊಡನೆ ಅವನು 1953ರಲ್ಲಿ ಮುದ್ರಿಸಿದ ಮೊಟ್ಸಾರ್ಟನ ನಾಲ್ಕು ಹಾರ್ನ್ ಕಾನ್ಚರ್ಟೊಗಳು ಇಂದಿಗೂ ಆ ವಾದ್ಯವನ್ನು ಕಲಿಯುವವರಿಗೆ ದಾರಿದೀಪವಾಗಿವೆ.

ಫುರ್ಟ್‌ವೆಂಗ್ಲರ್ 1954ರಲ್ಲಿ ತೀರಿಕೊಂಡಾಗ ಬರ್ಲಿನ್ ನಗರವು ತನ್ನ ವಾದ್ಯವೃಂದಕ್ಕೆ ಕರಾಯಾನರನ್ನು ಕರೆಯಿತು. ಅವರ ಜಾಗದಲ್ಲಿ ಫಿಲ್‌ಹಾರ್ಮೋನಿಯಾಕ್ಕೆ ಒದಗಿದವರು ಆಟೋ ಕ್ಲೆಂಪರರ್. ಇವರ ಬಾಳು ವಿಧಿಯೊಡನೆ ನಡೆದ ಮಲ್ಲಯುದ್ಧ. 1885ರಲ್ಲಿ ಹುಟ್ಟಿದ ಈ ಯಹೂದಿ ನಿರ್ದೇಶಕರನ್ನು 1933ರಲ್ಲಿ ಹಿಟ್ಲರನ ಆಳ್ವಿಕೆ ಜರ್ಮನಿಯಿಂದ ಓಡಿಸಿತು. 1939ರಲ್ಲಿ ಮಿದುಳಿನಲ್ಲಿ ಗಡ್ಡೆ ಬೆಳೆದು, ಶಸ್ತ್ರಚಿಕಿತ್ಸೆಯ ಪರಿಣಾಮವಾಗಿ ಶರೀರದ ಒಂದು ಭಾಗ ಸ್ವಾಧೀನ ತಪ್ಪಿತು. 1951ರಲ್ಲಿ ವಿಮಾನನಿಲ್ದಾಣದಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. 1958ರಲ್ಲಿ ಹಾಸಿಗೆಯಲ್ಲಿ ಪೈಪು ಸೇದುತ್ತಲೇ ನಿದ್ದೆಹೋಗಿ ಮೈಯೆಲ್ಲ ಸುಟ್ಟುಕೊಂಡರು. ಪ್ರತಿ ಬಾರಿಯೂ ಅವರು ಎದ್ದುಬಂದು, ನಿಲ್ಲಲಾಗದಿದ್ದರೆ ಕುರ್ಚಿಯಲ್ಲಿ ಕುಳಿತೇ, ಬೀಟೋವನನ ಸಿಂಫನಿಗಳನ್ನು ಬಂಡೆಯಲ್ಲಿ ಕಡೆದಂತೆ ಕಡೆದು ನಿಲ್ಲಿಸಿದರು. 1957ರಲ್ಲಿ ವಿಲ್‌ಹೆಲ್ಮ್ ಪಿಟ್ಸ್ ಅವರ ಶಿಕ್ಷಣದಲ್ಲಿ ಫಿಲ್‌ಹಾರ್ಮೋನಿಯಾ ಗಾಯಕವೃಂದವೂ ಸಿದ್ಧವಾಗಿ ಒಂಬತ್ತನೆಯ ಸಿಂಫನಿಯಲ್ಲಿ ಹಾಡಿತು. 1959ರಲ್ಲಿ ಲೆಗ್ ಕ್ಲೆಂಪರರ್ ಅವರನ್ನು ಆಜೀವ ಮುಖ್ಯ ನಿರ್ದೇಶಕರನ್ನಾಗಿ ನೇಮಿಸಿದನು.

ಈ ವೈಭವದ ನಡುವೆಯೇ ಸಿಡಿಲು ಎರಗಿತು. ಗ್ರಾಮಫೋನ್ ಕಂಪೆನಿಯೊಡನೆ ಲೆಗ್‌ಗೆ ಮನಸ್ತಾಪ ಬೆಳೆದು 1963ರಲ್ಲಿ ಅವನು ರಾಜೀನಾಮೆ ಕೊಟ್ಟನು. ವೃಂದಕ್ಕೆ ದೊರೆಯುವ ಕೆಲಸ ಕಡಿಮೆಯಾಗಿ, ತಾನು ಕಟ್ಟಿದ ಗುಣಮಟ್ಟ ಇನ್ನು ಉಳಿಯದೆಂಬ ಶಂಕೆ ಅವನನ್ನು ಹಿಡಿಯಿತು. 1964ರ ಮಾರ್ಚ್ 10ರಂದು, ಫಿಲ್‌ಹಾರ್ಮೋನಿಯಾದ ಕಾರ್ಯವನ್ನು ಅನಿರ್ದಿಷ್ಟ ಕಾಲದವರೆಗೆ ನಿಲ್ಲಿಸಲಾಗುವುದೆಂದು ಪ್ರಕಟಿಸಿದನು. ಹತ್ತೊಂಬತ್ತು ವರ್ಷಗಳ ಹಿಂದೆ ಒಬ್ಬೊಬ್ಬ ವಾದಕನನ್ನೂ ಆರಿಸಿ ತಂದವನೇ ಈಗ ಎಲ್ಲರನ್ನೂ ಮನೆಗೆ ಕಳುಹಿಸಹೊರಟನು. ಅವನ ದೃಷ್ಟಿಯಲ್ಲಿ ಅದು ಕ್ರೌರ್ಯವಲ್ಲ. ಕುಗ್ಗಿ ಬಾಳುವುದಕ್ಕಿಂತ ಉಚ್ಚಸ್ಥಿತಿಯಲ್ಲಿ ಮುಗಿಯುವುದು ಲೇಸೆಂದು ಅವನು ಬಗೆದಿರಬಹುದು. ಶಿಲ್ಪಿಯು ತನ್ನ ಮೂರ್ತಿಯನ್ನು ಒಡೆಯಬಹುದೆ? ಮೂರ್ತಿ ಕಲ್ಲಾದರೆ ಒಡೆಯಬಹುದೇನೋ. ಇಲ್ಲಿ ಮೂರ್ತಿಗೆ ಪ್ರಾಣವಿದ್ದಿತು.

ವಾದಕರು ಒಂದು ವಾರದೊಳಗೆ, ಮಾರ್ಚ್ 17ರಂದು, ಸಭೆ ಸೇರಿದರು. ಅವರ ಕೈಯಲ್ಲಿ ಹಣವಿರಲಿಲ್ಲ, ಆಶ್ರಯದಾತನಿರಲಿಲ್ಲ, ತಮ್ಮ ಹೆಸರಿನ ಮೇಲೆ ಕೂಡ ಹಕ್ಕಿರಲಿಲ್ಲ. ಆದರೂ ವೃಂದವು ಅಳಿಯಕೂಡದೆಂದೂ, ಇನ್ನು ಮೇಲೆ ತಮ್ಮನ್ನು ತಾವೇ ಆಳಿಕೊಳ್ಳುವೆವೆಂದೂ ಏಕಕಂಠದಿಂದ ನಿಶ್ಚಯಿಸಿದರು. ಎಪ್ಪತ್ತೆಂಟು ವರ್ಷದ ಕ್ಲೆಂಪರರ್ ಯಜಮಾನನ ಪಕ್ಷವನ್ನು ಬಿಟ್ಟು ವಾದಕರ ಪಕ್ಷಕ್ಕೆ ನಿಂತರು. ಹೊಸ ಸಂಸ್ಥೆಯ ಗೌರವಾಧ್ಯಕ್ಷತೆಯನ್ನು ಒಪ್ಪಿಕೊಂಡರು. ಹಳೆಯ ಹೆಸರು ಲೆಗ್‌ನ ವಶದಲ್ಲಿದ್ದುದರಿಂದ ‘ನ್ಯೂ ಫಿಲ್‌ಹಾರ್ಮೋನಿಯಾ’ ಎಂದು ಹೆಸರಿಟ್ಟುಕೊಂಡರು. 1964ರ ಅಕ್ಟೋಬರ್ 27ರಂದು, ಅಂದರೆ ಮೊದಲ ಕಚೇರಿ ನಡೆದು ಹತ್ತೊಂಬತ್ತು ವರ್ಷ ತುಂಬಿದ ದಿನವೇ, ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕ್ಲೆಂಪರರ್ ಅವರ ನಿರ್ದೇಶನದಲ್ಲಿ ಹೊಸ ಹೆಸರಿನ ವೃಂದವು ಬೀಟೋವನನ ಒಂಬತ್ತನೆಯ ಸಿಂಫನಿಯನ್ನು ನುಡಿಸಿತು. ಮಾನವರೆಲ್ಲರೂ ಸೋದರರಾಗುವರೆಂದು ಸಾರುವ ಕೃತಿಯದು. ಅಂದು ನುಡಿಸಿದವರಿಗೆ ಅದರ ಅರ್ಥ ಎಂದಿಗಿಂತ ಹೆಚ್ಚು ತಿಳಿದಿದ್ದಿರಬೇಕು.

ಮುಂದಿನ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. ಲೆಗ್‌ನಂಥ ಕಿವಿ ಕಾವಲಿಗಿಲ್ಲ, ನಿಶ್ಚಿತವಾದ ವರಮಾನವಿಲ್ಲ, ಪಿಟೀಲು ಹಿಡಿದ ಕೈಯೇ ಲೆಕ್ಕದ ಪುಸ್ತಕವನ್ನೂ ಹಿಡಿಯಬೇಕು. ಗುಣಮಟ್ಟ ಇಳಿದ ದಿನಗಳೂ ಇದ್ದವು. ಕ್ಲೆಂಪರರ್ 1971ರ ಸೆಪ್ಟೆಂಬರಿನಲ್ಲಿ ತಮ್ಮ ಕಡೆಯ ಕಚೇರಿಯನ್ನು ನಡೆಸಿ 1973ರಲ್ಲಿ ನಿಧನಹೊಂದಿದರು. ಆ ವರ್ಷವೇ ಇಟಲಿಯ ತರುಣ ರಿಕಾರ್ಡೊ ಮೂಟಿ ಮುಖ್ಯ ನಿರ್ದೇಶಕರಾಗಿ ಬಂದು 1982ರವರೆಗಿದ್ದು ವೃಂದಕ್ಕೆ ಹಳೆಯ ಕಾಂತಿಯನ್ನು ತಂದುಕೊಟ್ಟರು. 1977ರಲ್ಲಿ ‘ನ್ಯೂ’ ಎಂಬ ಮಾತು ಕಳಚಿ, ‘ಫಿಲ್‌ಹಾರ್ಮೋನಿಯಾ’ ಎಂಬ ಮೂಲನಾಮ ವಾದಕರಿಗೆ ಮರಳಿ ದೊರೆಯಿತು. ಆಮೇಲೆ ಜುಸೆಪ್ಪೆ ಸಿನೋಪೊಲಿ 1984ರಿಂದ 1994ರವರೆಗೂ, ಕ್ರಿಸ್ಟೊಫ್ ಫಾನ್ ದೊಹ್ನಾನಿ 1997ರಿಂದ 2008ರವರೆಗೂ ಮುಖ್ಯ ನಿರ್ದೇಶಕರಾಗಿದ್ದರು. ಅವರ ತರುವಾಯ ಬಂದ ಫಿನ್‌ಲೆಂಡಿನ ಎಸ-ಪೆಕ್ಕ ಸಲೊನೆನ್, 1983ರಲ್ಲಿ, ಇಪ್ಪತ್ತೈದು ವರ್ಷದ ಅಪರಿಚಿತನಾಗಿ, ಬರಲಾಗದೆ ಹೋದ ನಿರ್ದೇಶಕರೊಬ್ಬರ ಬದಲಿಗೆ ಮಾಲರ್‌ನ ಮೂರನೆಯ ಸಿಂಫನಿಯನ್ನು ಇದೇ ವೃಂದದಿಂದ ನುಡಿಸಿ ಒಂದೇ ರಾತ್ರಿಯಲ್ಲಿ ಪ್ರಸಿದ್ಧರಾಗಿದ್ದವರು. 2021ರಲ್ಲಿ ಅದೇ ದೇಶದ ಸಾಂತು-ಮತಿಯಾಸ್ ರೌವಾಲಿ ಆ ಸ್ಥಾನಕ್ಕೆ ಬಂದರು. ರಾಯಲ್ ಫೆಸ್ಟಿವಲ್ ಹಾಲ್ 1995ರಿಂದ ವೃಂದದ ನೆಲೆಮನೆ.

ಜಯಚಾಮರಾಜೇಂದ್ರ ಒಡೆಯರು 1974ರ ಸೆಪ್ಟೆಂಬರ್ 23ರಂದು ದಿವಂಗತರಾದರು. ವಾಲ್ಟರ್ ಲೆಗ್ 1979ರಲ್ಲಿ ತೀರಿಕೊಂಡನು. 2019ರಲ್ಲಿ ಮಹಾರಾಜರ ಜನ್ಮಶತಾಬ್ದಿ ಬಂದಾಗ ಫಿಲ್‌ಹಾರ್ಮೋನಿಯಾವು ತನ್ನ ಮೊದಲ ಅಧ್ಯಕ್ಷರನ್ನು ಮರೆಯದೆ ಲಂಡನ್ನಿನಲ್ಲಿ ವಿಶೇಷ ಕಚೇರಿಯೊಂದನ್ನು ನಡೆಸಿತು. ಏಳು ದಶಕಗಳ ಹಿಂದೆ ಪಡೆದುದನ್ನು ನೆನೆದು ಕೃತಜ್ಞತೆ ಸಲ್ಲಿಸುವ ಸಂಸ್ಥೆಗೆ ಬಾಳುವ ಯೋಗ್ಯತೆಯುಂಟು.

ಈ ಚರಿತ್ರೆಯನ್ನು ಓದಿ ಮುಗಿಸಿದಾಗ ನಮ್ಮ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆ ಒಂದೇ: ಇಂಥ ವೃಂದವು ಯಾರ ಸ್ವತ್ತು? ಕನಸು ಕಂಡು ಕಟ್ಟಿದವನು ಲೆಗ್. ಅವನಿಲ್ಲದಿದ್ದರೆ ಅದು ಹುಟ್ಟುತ್ತಿರಲಿಲ್ಲ. ಹಣ ಕೊಟ್ಟವರು ಮೈಸೂರು ಮಹಾರಾಜರು. ಅವರಿಲ್ಲದಿದ್ದರೆ ಎಳವೆಯಲ್ಲಿ ಅದು ಸೊರಗುತ್ತಿದ್ದಿತು. ಕೀರ್ತಿ ತಂದವರು ಕರಾಯಾನ್, ಕ್ಲೆಂಪರರ್ ಮೊದಲಾದ ನಿರ್ದೇಶಕರು. ಆದರೆ 1964ರ ಆ ಮಾರ್ಚ್ ತಿಂಗಳಲ್ಲಿ ಕಟ್ಟಿದವನು ಕೈಬಿಟ್ಟಾಗ, ಕೊಡುವವರ ಕಾಲ ಮುಗಿದುಹೋಗಿದ್ದಾಗ, ವೃಂದವೆಂದು ಉಳಿದುದು ಹೆಸರಿಲ್ಲದ ವಾದಕರು ಮಾತ್ರ. ಅವರು ‘ಇದು ನಮ್ಮದು’ ಎಂದುದರಿಂದ ಅದು ಉಳಿಯಿತು. ಅವರು ಹಾಗೆ ಎನ್ನದಿದ್ದರೆ, ಲೆಗ್‌ನ ಕನಸೂ ಮಹಾರಾಜರ ದಾನವೂ ಹಳೆಯ ತಟ್ಟೆಗಳಲ್ಲಿ ಮಾತ್ರ ಕೇಳಸಿಗುತ್ತಿದ್ದವು.

ದಾನಿಯು ಸಂಸ್ಥೆಗೆ ಅನ್ನವನ್ನು ಕೊಡಬಲ್ಲನು, ಸ್ಥಾಪಕನು ರೂಪವನ್ನು ಕೊಡಬಲ್ಲನು. ಪ್ರಾಣವನ್ನು ಕೊಡಬಲ್ಲವರು ಅದರಲ್ಲಿ ದಿನದಿನವೂ ದುಡಿಯುವವರು. ಒಂದು ಊರಿನ ವಾಚನಾಲಯವಾಗಲಿ, ನಾಟಕಮಂಡಳಿಯಾಗಲಿ, ಸಂಘವಾಗಲಿ, ಲಂಡನ್ನಿನ ಸಿಂಫನಿ ವಾದ್ಯವೃಂದವಾಗಲಿ, ಈ ನಿಯಮ ಬೇರೆಯಲ್ಲ. ವಾರ್ಷಿಕೋತ್ಸವದ ದೀಪಗಳನ್ನು ಹಚ್ಚುವ ಹೊತ್ತಿನಲ್ಲಿ, ದಾನಿಗಳ ಹೆಸರುಗಳನ್ನು ಗೌರವದಿಂದ ಓದಿದ ಬಳಿಕ, ಕುರ್ಚಿಗಳನ್ನು ಹಾಕಿದವರನ್ನೂ ಒಂದು ಕ್ಷಣ ನೆನೆಯೋಣ.